ಫೋನ್ ತುಂಬಿದೆ, ಬೇಕಾದ ಫೋಟೊ ಮಾತ್ರ ಸಿಗ್ತಿಲ್ಲ: ಹೊಲದ ಫೋಟೊ-ವಿಡಿಯೊಗೂ ಒಂದು ಲೆಕ್ಕ ಇಡೋಣ

ನಿಮ್ಮ ಫೋನಿನಲ್ಲಿ ಈಗ ಎಷ್ಟು ಫೋಟೊ ಇವೆ? ಗ್ಯಾಲರಿ ತೆರೆದು ಒಮ್ಮೆ ನೋಡಿ. ಮೂರು ಸಾವಿರ, ನಾಲ್ಕು ಸಾವಿರ ಇದ್ದರೂ ಆಶ್ಚರ್ಯ ಇಲ್ಲ. ಈಗ ಇನ್ನೊಂದು ಪ್ರಶ್ನೆ. ಹೋದ ಮುಂಗಾರಿನಲ್ಲಿ ಬಿತ್ತಿದ ಬೀಜದ ಚೀಲದ ಲಾಟ್ ನಂಬರ್ ಅದರಲ್ಲಿ ಎಲ್ಲಿದೆ? ಒಂದು ನಿಮಿಷದಲ್ಲಿ ಹುಡುಕಿ ತೋರಿಸೋಕೆ ಆಗುತ್ತಾ? ಬಹಳ ಜನಕ್ಕೆ ಆಗೋದಿಲ್ಲ. ಗುಡ್ ಮಾರ್ನಿಂಗ್ ಹೂವು, ಜಾತ್ರೆ ವಿಡಿಯೊ, ಟ್ರ್ಯಾಕ್ಟರ್ ರೀಲ್ಸು, ಇವೆಲ್ಲದರ ನಡುವೆ ಹೊಲದ ಫೋಟೊ ಹುಲ್ಲಿನ ಬಣವೆಯಲ್ಲಿ ಬಿದ್ದ ಸೂಜಿಯಂತೆ ಆಗಿರುತ್ತೆ.

ನಾನು ಹಾವೇರಿ ಜಿಲ್ಲೆಯವನು. ಮೆಕ್ಕೆಜೋಳ, ಹತ್ತಿ ಬೆಳೀತೀವಿ, ಬೋರ್‌ವೆಲ್ ನೀರಿರುವ ಒಂದೂವರೆ ಎಕರೆಯಲ್ಲಿ ಮೆಣಸಿನಕಾಯಿ. ಕೆಲವು ವರ್ಷಗಳಿಂದ ಹೊಲದ ಫೋಟೊಗಳನ್ನು ಪಹಣಿ, ಪಾಸ್‌ಬುಕ್ ಇಟ್ಟಷ್ಟೇ ಜೋಪಾನವಾಗಿ ಇಡ್ತಾ ಬಂದಿದ್ದೇನೆ. ಓಣಿಯ ಹುಡುಗರು ‘ಅಣ್ಣಾ, ಸ್ಟೋರೇಜ್ ಫುಲ್ ಅಂತದೆ, ಏನ್ ಮಾಡ್ಲಿ’ ಅಂತ ಬಂದಾಗ ಹೇಳೋದನ್ನೇ ಇಲ್ಲಿ ಸಾಲಾಗಿ ಬರೆದಿದ್ದೇನೆ.

ಇಷ್ಟು ಕಷ್ಟ ಯಾಕೆ ಪಡಬೇಕು?

ಹೊಲದ ಫೋಟೊ ಸ್ಟೇಟಸ್‌ಗೆ ಹಾಕೋದಕ್ಕೆ ಮಾತ್ರ ಅಲ್ಲ. ನಾಲ್ಕು ಕಡೆ ಅದು ದುಡ್ಡಿನ, ಒಮ್ಮೊಮ್ಮೆ ಜೀವದ ಪ್ರಶ್ನೆ ಆಗುತ್ತೆ.

ಒಂದು, ಬೆಳೆ ವಿಮೆ. ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಆಲಿಕಲ್ಲು ಮಳೆ, ಭೂಕುಸಿತದಂಥ ಸ್ಥಳೀಯ ವಿಪತ್ತಿನಿಂದ ನಷ್ಟ ಆದರೆ 72 ಗಂಟೆಯೊಳಗೆ ತಿಳಿಸಬೇಕು. ಕಟಾವು ಮಾಡಿ ಒಣಗಲು ಹರವಿದ ಬೆಳೆ 14 ದಿನದೊಳಗೆ ಅಕಾಲಿಕ ಮಳೆಗೆ ಸಿಕ್ಕರೂ ಇದೇ 72 ಗಂಟೆಯ ಲೆಕ್ಕ. ಸಹಾಯವಾಣಿ ಸಂಖ್ಯೆ 14447. ಅಷ್ಟು ಹೊತ್ತಿನಲ್ಲಿ ಫೋನ್ ‘ಸ್ಟೋರೇಜ್ ಫುಲ್’ ಅಂದು ಕ್ಯಾಮೆರಾನೇ ತೆರೆಯದಿದ್ದರೆ? ಫೋಟೊ ಇದ್ದ ಮಾತ್ರಕ್ಕೆ ಪರಿಹಾರ ಬರುತ್ತೆ ಅಂತಲ್ಲ, ಸಮೀಕ್ಷೆ ಆಗಲೇಬೇಕು. ಆದರೆ ಸಮೀಕ್ಷೆಗೆ ಬಂದವರಿಗೆ ಮಳೆ ನಿಂತ ಮರುಗಳಿಗೆಯ ಹೊಲ ತೋರಿಸೋಕೆ ನಮ್ಮ ಹತ್ರ ಇರೋದು ಆ ಫೋಟೊ ಒಂದೇ.

ಎರಡು, ಬೆಳೆ ಸಮೀಕ್ಷೆ. ನಮ್ಮ ರಾಜ್ಯದಲ್ಲಿ ಸರ್ವೆ ನಂಬರ್‌ವಾರು ಬೆಳೆಯ ಫೋಟೊ ತೆಗೆದು ಆ್ಯಪ್‌ಗೆ ಹಾಕ್ತಾರೆ. ಮೆಕ್ಕೆಜೋಳ ಇದ್ದ ಹೊಲದಲ್ಲಿ ಬೇರೆ ಬೆಳೆ ದಾಖಲಾದರೆ ವಿಮೆ, ಪರಿಹಾರ, ಬೆಂಬಲ ಬೆಲೆ ಖರೀದಿ ಎಲ್ಲದಕ್ಕೂ ತೊಡಕು. ಬೆಳೆ ದರ್ಶಕ್ ಆ್ಯಪ್‌ನಲ್ಲಿ ನಿಮ್ಮ ಹೊಲಕ್ಕೆ ಏನು ದಾಖಲಾಗಿದೆ ಅಂತ ನೋಡಬಹುದು. ತಪ್ಪಿದ್ದರೆ ಆಕ್ಷೇಪಣೆ ಹಾಕುವಾಗ ನಿಮ್ಮದೇ ಫೋಟೊ, ಅದರ ತಾರೀಕು, ಜಾಗದ ಗುರುತು ಕೈಯಲ್ಲಿರಲಿ.

ಮೂರು, ಬೀಜ-ಗೊಬ್ಬರದ ತಕರಾರು. ಮೊಳಕೆ ಸರಿಯಾಗಿ ಬರಲಿಲ್ಲ ಅಂದ್ರೆ ಅಂಗಡಿಯವರು ಮೊದಲು ಕೇಳೋದು ಬಿಲ್ಲು, ಆಮೇಲೆ ಲಾಟ್ ನಂಬರ್. ಬೀಜ ಕೊಂಡ ರೈತ ಕೂಡ ಗ್ರಾಹಕನೇ ಅಂತ 2012ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಗ್ರಾಹಕರ ಆಯೋಗಕ್ಕೆ ದೂರು ಕೊಡಲು 2 ವರ್ಷದ ಅವಧಿ ಇದೆ. ಅಂದಮೇಲೆ ಚೀಲ, ಟ್ಯಾಗ್, ಬಿಲ್ಲಿನ ಫೋಟೊಗಳನ್ನು ಕನಿಷ್ಠ ಎರಡು ವರ್ಷ ಅಳಿಸಬಾರದು. ಕಾಗದದ ಬಿಲ್ಲನ್ನೂ ಎಸೀಬೇಡಿ. ಈಗಿನ ಬಿಲ್ಲಿನ ಅಕ್ಷರ ಆರು ತಿಂಗಳಿಗೇ ಮಾಸಿ ಹೋಗೋದರಿಂದ ಫೋಟೊ ಬೇಕೇ ಬೇಕು.

ನಾಲ್ಕನೇದು ಎಲ್ಲಕ್ಕಿಂತ ದೊಡ್ಡದು. ಔಷಧ ಹೊಡೆಯುವ ಮುಂಚೆ ಬಾಟಲಿಯ ಲೇಬಲ್ ಫೋಟೊ ತೆಗೀರಿ. ನಮ್ಮ ಪಕ್ಕದ ಹೊಲದಲ್ಲಿ ಔಷಧ ಹೊಡೀತಿದ್ದ ಆಳಿಗೆ ತಲೆ ಸುತ್ತಿ ವಾಂತಿ ಶುರುವಾಯ್ತು. ಆಸ್ಪತ್ರೆಗೆ ಒಯ್ದಾಗ ಡಾಕ್ಟರ್ ಕೇಳಿದ ಮೊದಲ ಮಾತು: ‘ಯಾವ ಔಷಧ?’ ಯಾರಿಗೂ ಗೊತ್ತಿಲ್ಲ. ಬಾಟಲಿ ಹೊಲದ ಬದುವಿನಲ್ಲೇ ಉಳಿದಿತ್ತು. ಒಬ್ಬ ಬೈಕ್ ಹತ್ತಿ ಹೋಗಿ ತರೋವರೆಗೆ ಕಾಯಬೇಕಾಯ್ತು. ಆಳು ಉಳಿದ, ಪುಣ್ಯ. ಲೇಬಲ್ ಮೇಲೆ ಔಷಧದ ರಾಸಾಯನಿಕ ಹೆಸರು, ವಿಷ ಏರಿದರೆ ಕೊಡಬೇಕಾದ ಚಿಕಿತ್ಸೆ, ಮತ್ತು ವಿಷದ ಮಟ್ಟ ತಿಳಿಸುವ ಬಣ್ಣ ಇರುತ್ತೆ: ಕೆಂಪು ಅತಿ ಹೆಚ್ಚು ವಿಷ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಆ ಒಂದು ಫೋಟೊ ಹೊಡೆಯುವವನ ಫೋನಿನಲ್ಲೂ ಇರಲಿ, ಮನೆಯಲ್ಲಿ ಒಬ್ಬರ ಫೋನಿನಲ್ಲೂ ಇರಲಿ.

ಮೊದಲ ಕೆಲಸ: ಕಳೆ ಕೀಳೋದು

ಫೋನ್ ತುಂಬೋದು ನಾವು ತೆಗೆದ ಫೋಟೊದಿಂದ ಅಲ್ಲ, ನಮಗೆ ಬಂದ ವಿಡಿಯೊದಿಂದ. ವಾಟ್ಸಾಪ್‌ನಲ್ಲಿ ಸೆಟ್ಟಿಂಗ್ಸ್, ಅದರೊಳಗೆ ಸ್ಟೋರೇಜ್ ಆ್ಯಂಡ್ ಡೇಟಾ, ಆಮೇಲೆ ಮ್ಯಾನೇಜ್ ಸ್ಟೋರೇಜ್ ಒತ್ತಿ. ಯಾವ ಗ್ರೂಪು ಎಷ್ಟು ಜಾಗ ತಿಂದಿದೆ ಅಂತ ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ತೋರಿಸುತ್ತೆ. ದೊಡ್ಡ ಫೈಲ್‌ಗಳನ್ನು ಮೊದಲು ಅಳಿಸಿ. ಆದರೆ ಎಲ್ಲವನ್ನೂ ಒಟ್ಟಿಗೆ ಟಿಕ್ ಮಾಡಿ ಅಳಿಸಬೇಡಿ. ಕೃಷಿ ಅಧಿಕಾರಿ ಕಳಿಸಿದ ಪತ್ರ, ಅಂಗಡಿಯವರು ಕಳಿಸಿದ ಬಿಲ್ಲು ಅದರಲ್ಲೇ ಇರಬಹುದು.

ಆಮೇಲೆ ಕಳೆ ಮತ್ತೆ ಹುಟ್ಟದ ಹಾಗೆ ಮಾಡೋಣ. ಅದೇ ಸ್ಟೋರೇಜ್ ಆ್ಯಂಡ್ ಡೇಟಾದಲ್ಲಿ ಮೀಡಿಯಾ ಆಟೋ ಡೌನ್‌ಲೋಡ್ ಅಂತ ಇರುತ್ತೆ. ವಿಡಿಯೊ ಎದುರಿನ ಟಿಕ್ ತೆಗೆದುಬಿಡಿ. ಬೇಕಾದ್ದನ್ನು ಮಾತ್ರ ಒತ್ತಿ ಇಳಿಸಿಕೊಳ್ಳಬಹುದು. ಗದ್ದಲದ ಗ್ರೂಪುಗಳಿಗೆ ಹೋಗಿ ಮೀಡಿಯಾ ವಿಸಿಬಿಲಿಟಿಗೆ ‘ನೋ’ ಕೊಡಿ. ಅಲ್ಲಿಂದ ಮುಂದೆ ಆ ಗ್ರೂಪಿನಲ್ಲಿ ಇಳಿಸಿಕೊಂಡ ಚಿತ್ರಗಳು ಗ್ಯಾಲರಿಗೆ ಬರೋದಿಲ್ಲ. ಈ ಎರಡು ಕೆಲಸಕ್ಕೇ ಅರ್ಧ ಸಮಸ್ಯೆ ಮುಗೀತು.

ವಿಡಿಯೊ ಲೆಕ್ಕವೂ ಗೊತ್ತಿರಲಿ. 1080 ಗುಣಮಟ್ಟದ ಒಂದು ನಿಮಿಷದ ವಿಡಿಯೊ ಸಾಮಾನ್ಯವಾಗಿ 100ರಿಂದ 130 ಎಂಬಿ ಆಗುತ್ತೆ. 4ಕೆ ಇಟ್ಟರೆ ಸುಮಾರು ಮೂರು ಪಟ್ಟು. ರೋಗದ ಎಲೆ ತೋರಿಸೋಕೆ 4ಕೆ ಬೇಕಾಗಿಲ್ಲ. ಕ್ಯಾಮೆರಾ ಸೆಟ್ಟಿಂಗ್ಸ್‌ನಲ್ಲಿ 1080 ಇಟ್ಟುಕೊಳ್ಳಿ, ಇಪ್ಪತ್ತು-ಮೂವತ್ತು ಸೆಕೆಂಡಿನಲ್ಲಿ ಮುಗಿಸಿ.

ತೆಗೆಯುವಾಗಲೇ ಗುರುತು ಇರಲಿ

ಕ್ಯಾಮೆರಾ ಸೆಟ್ಟಿಂಗ್ಸ್‌ನಲ್ಲಿ ಲೊಕೇಶನ್ ಟ್ಯಾಗ್ ಆನ್ ಮಾಡಿ. ಆಗ ಫೋಟೊ ಜೊತೆಗೆ ತಾರೀಕು, ಸಮಯ ಅಷ್ಟೇ ಅಲ್ಲ, ಹೊಲದ ಅಕ್ಷಾಂಶ-ರೇಖಾಂಶವೂ ಒಳಗೆ ಸೇರುತ್ತೆ. ಒಂದು ಎಚ್ಚರ: ಮನೆಯವರ, ಮಕ್ಕಳ ಫೋಟೊ ಯಾರಿಗಾದರೂ ಮೂಲ ಫೈಲ್ ಆಗಿ ಕಳಿಸುವಾಗ ಮನೆಯ ಜಾಗವೂ ಜೊತೆಗೆ ಹೋಗುತ್ತೆ. ಹೊಲದಲ್ಲಿ ಆನ್, ಮನೆಯಲ್ಲಿ ಆಫ್ ಅಂತ ಇಟ್ಟುಕೊಂಡರೆ ಒಳ್ಳೇದು.

ರೋಗ-ಕೀಟದ ಫೋಟೊ ಆದರೆ ನಾನು ಮೂರು ತೆಗೀತೀನಿ. ಮೊದಲನೇದು ದೂರದಿಂದ, ಹೊಲದಲ್ಲಿ ಎಷ್ಟು ಹರಡಿದೆ ಅಂತ ಕಾಣಬೇಕು. ಎರಡನೇದು ಇಡೀ ಗಿಡ. ಮೂರನೇದು ಹತ್ತಿರದಿಂದ, ಎಲೆಯ ಮೇಲ್ಭಾಗ ಮತ್ತು ತಳಭಾಗ ಎರಡೂ. ಲೆನ್ಸ್ ಮೇಲಿನ ಧೂಳು, ಬೆವರು ಒರೆಸಿ ತೆಗೀರಿ. ಗಾತ್ರ ತಿಳಿಯೋಕೆ ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಡಿ.

ಇಷ್ಟು ಸೂಕ್ಷ್ಮ ಯಾಕಂದ್ರೆ ಫೋಟೊ ನೋಡಿಯೇ ಔಷಧ ತೀರ್ಮಾನ ಆಗುತ್ತೆ. ಮೆಣಸಿನ ಗಿಡದ ಮುಟುರು ತೊಂದರೆ ನೋಡ್ರಿ. ಎಲೆ ಅಂಚು ಮೇಲಕ್ಕೆ ದೋಣಿಯ ಹಾಗೆ ಮಡಚಿದರೆ ಸಾಮಾನ್ಯವಾಗಿ ಥ್ರಿಪ್ಸ್, ಕೆಳಕ್ಕೆ ಮಡಚಿದರೆ ಮೈಟ್ ನುಸಿ. ಎರಡಕ್ಕೂ ಔಷಧ ಬೇರೆ ಬೇರೆ. ದೂರದಿಂದ ತೆಗೆದ ಮಸುಕು ಫೋಟೊದಲ್ಲಿ ಈ ವ್ಯತ್ಯಾಸ ಯಾವ ವಿಜ್ಞಾನಿಗೂ ಕಾಣಲ್ಲ. ಮೆಕ್ಕೆಜೋಳದ ಫಾಲ್ ಸೈನಿಕ ಹುಳುವೂ ಹಾಗೇ. 2018ರಲ್ಲಿ ದೇಶದಲ್ಲೇ ಮೊದಲು ನಮ್ಮ ಕರ್ನಾಟಕದಲ್ಲಿ ಕಾಣಿಸಿಕೊಂಡ ಹುಳು ಅದು. ತಲೆ ಮೇಲೆ ತಲೆಕೆಳಗಾದ ‘ವೈ’ ಅಕ್ಷರದ ಗುರುತು, ಬಾಲದ ಕಡೆ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆ, ಇವೆರಡೂ ಫೋಟೊದಲ್ಲಿ ಬರಬೇಕು.

ವಿಡಿಯೊ ಮಾಡುವಾಗ ಬಾಯಿಬಿಟ್ಟು ಹೇಳಿ: ‘ಇವತ್ತು ಇಂಥ ತಾರೀಕು, ಸರ್ವೆ ನಂಬರ್ ಇಷ್ಟು, ಬಿತ್ತಿ ನಲವತ್ತು ದಿನ ಆಯ್ತು, ಹೋದ ವಾರ ಈ ಔಷಧ ಹೊಡೆದಿದ್ದೆ.’ ಆರು ತಿಂಗಳು ಬಿಟ್ಟು ನೋಡಿದರೂ ನೆನಪು ಮಾಡಿಕೊಳ್ಳುವ ಕಷ್ಟ ಇರಲ್ಲ.

ಐದು ಆಲ್ಬಂ ಸಾಕು

ಹದಿನೈದು ಆಲ್ಬಂ ಮಾಡಿದರೆ ಎರಡೇ ವಾರಕ್ಕೆ ಬಿಟ್ಟುಬಿಡ್ತೀರಿ. ನಾನು ಇಟ್ಟಿರೋದು ಐದು:

1. ಬಿಲ್ಲು ಮತ್ತು ಲೇಬಲ್: ಬೀಜದ ಚೀಲ, ಟ್ಯಾಗ್, ಔಷಧ ಬಾಟಲಿ, ಅಂಗಡಿ ರಸೀದಿ, ಮಾರುಕಟ್ಟೆ ಪಟ್ಟಿ.
2. ಬೆಳೆ: ಹೆಸರು ‘2025 ಮುಂಗಾರು ಮೆಕ್ಕೆಜೋಳ’ ಅನ್ನೋ ಹಾಗೆ. ವರ್ಷ ಮೊದಲು ಬಂದರೆ ಆಲ್ಬಂಗಳು ತಾವೇ ಸಾಲಾಗಿ ನಿಲ್ಲುತ್ತವೆ.
3. ರೋಗ-ಕೀಟ.
4. ನಷ್ಟ: ಮಳೆ, ಗಾಳಿ, ಕಾಡುಹಂದಿ, ಏನೇ ಇರಲಿ.
5. ದಾಖಲೆ: ಪಹಣಿ, ವಿಮೆ ಕಟ್ಟಿದ ರಸೀದಿ, ಮಣ್ಣು ಪರೀಕ್ಷೆ ಚೀಟಿ, ಬೋರ್‌ವೆಲ್ ಮೋಟಾರ್ ಮೇಲಿನ ವಿವರದ ಪಟ್ಟಿ.

ಆಧಾರ್, ಬ್ಯಾಂಕ್ ಪಾಸ್‌ಬುಕ್ ಫೋಟೊ ಇದ್ದರೆ ಅವನ್ನು ಗ್ಯಾಲರಿಯಲ್ಲಿ ಬಿಡಬೇಡಿ. ಹೊಲದಲ್ಲಿ ಫೋನು ಹತ್ತು ಕೈ ದಾಟುತ್ತೆ. ಗೂಗಲ್ ಫೋಟೋಸ್‌ನಲ್ಲಿ ಲಾಕ್ಡ್ ಫೋಲ್ಡರ್ ಇದೆ, ಅದರಲ್ಲಿಡಿ.

ಗೂಗಲ್ ಫೋಟೋಸ್‌ನಲ್ಲಿ ಇನ್ನೊಂದು ಅನುಕೂಲ ಇದೆ. ಫೋಟೊ ತೆರೆದು ಮೇಲಕ್ಕೆ ಸರಿಸಿದರೆ ತಾರೀಕು, ಜಾಗ ಕಾಣುತ್ತೆ, ವಿವರಣೆ ಬರೆಯುವ ಜಾಗವೂ ಇರುತ್ತೆ. ಅಲ್ಲಿ ‘ಕೆರೆ ಹೊಲ, ಎರಡನೇ ಔಷಧ’ ಅಂತ ಬರೆದಿಡಿ. ಮುಂದೆ ಹುಡುಕುವಾಗ ಆ ಪದ ಸಾಕು.

ವಾಟ್ಸಾಪ್‌ನಲ್ಲಿ ಕಳಿಸುವ ದಾರಿ

ವಾಟ್ಸಾಪ್‌ನಲ್ಲಿ ಸಾಮಾನ್ಯವಾಗಿ ಕಳಿಸಿದರೆ ಫೋಟೊ ಕುಗ್ಗುತ್ತೆ, ಒಳಗಿದ್ದ ಜಾಗದ ಗುರುತೂ ಹೋಗುತ್ತೆ. ಹೀಗಾಗಿ ‘ನಾನು ಗ್ರೂಪಿಗೆ ಹಾಕಿದೀನಲ್ಲ, ಅಲ್ಲಿಂದ ತಗೊಂಡ್ರಾಯ್ತು’ ಅಂತ ಮೂಲ ಫೋಟೊ ಅಳಿಸಬೇಡಿ. ಕೃಷಿ ವಿಜ್ಞಾನ ಕೇಂದ್ರದವರಿಗೋ ರೈತ ಸಂಪರ್ಕ ಕೇಂದ್ರದವರಿಗೋ ಕಳಿಸುವಾಗ ಪಿನ್ ಗುರುತು ಒತ್ತಿ ‘ಡಾಕ್ಯುಮೆಂಟ್’ ಆಯ್ಕೆ ಮಾಡಿ, ಅಲ್ಲಿಂದ ಫೋಟೊ ಕಳಿಸಿ. ಇದ್ದದ್ದು ಇದ್ದ ಹಾಗೇ ಹೋಗುತ್ತೆ. ಜೊತೆಗೆ ಬೆಳೆ, ತಳಿ, ಬಿತ್ತಿದ ದಿನ, ಹೊಡೆದ ಔಷಧ ಇಷ್ಟು ಬರೆಯಿರಿ. ಬರೀ ಫೋಟೊ ಹಾಕಿ ‘ಸರ್ ಇದಕ್ಕೇನು’ ಅಂದ್ರೆ ಅವರಾದರೂ ಏನು ಹೇಳಬೇಕು?

ಫೋನ್ ಬಾವಿಗೆ ಬಿದ್ದರೆ?

ಒಂದೇ ಕಡೆ ಇರುವ ಫೋಟೊ ಇಲ್ಲದ್ದಕ್ಕೆ ಸಮ. ಗೂಗಲ್ ಖಾತೆಗೆ 15 ಜಿಬಿ ಉಚಿತ, ಆದರೆ ಅದರಲ್ಲಿ ಜಿಮೇಲ್, ಡ್ರೈವ್, ಫೋಟೋಸ್ ಮೂರೂ ಪಾಲುದಾರರು. ಆಂಡ್ರಾಯ್ಡ್ ಫೋನಿನ ವಾಟ್ಸಾಪ್ ಬ್ಯಾಕಪ್ ಕೂಡ ಈಗ ಅದೇ ಲೆಕ್ಕಕ್ಕೆ ಬರುತ್ತೆ. 15 ಜಿಬಿ ಅಂದರೆ 1080 ವಿಡಿಯೊ ಎರಡು ಗಂಟೆಗೇ ಮುಗೀತು. ಆದ್ದರಿಂದ ಕ್ಯಾಮೆರಾ ಫೋಲ್ಡರ್ ಮಾತ್ರ ಬ್ಯಾಕಪ್‌ಗೆ ಬಿಡಿ, ವಾಟ್ಸಾಪ್ ಚಿತ್ರಗಳ ಫೋಲ್ಡರ್ ಆಫ್ ಇರಲಿ. ವಾಟ್ಸಾಪ್‌ನಲ್ಲೇ ಬಂದ ಬಿಲ್ಲು, ಪತ್ರಗಳನ್ನು ಬೇರೆಯಾಗಿ ಡ್ರೈವ್‌ಗೆ ಹಾಕಿಡಿ.

ಇಲ್ಲೊಂದು ಗುಂಡಿ ಇದೆ, ಹುಷಾರು. ಗೂಗಲ್ ಫೋಟೋಸ್ ಒಳಗಿಂದ ಬ್ಯಾಕಪ್ ಆದ ಫೋಟೊ ಅಳಿಸಿದರೆ ಫೋನಿನಿಂದಲೂ ಹೋಗುತ್ತೆ, ಬ್ಯಾಕಪ್‌ನಿಂದಲೂ ಹೋಗುತ್ತೆ. ಫೋನಿನ ಜಾಗ ಮಾತ್ರ ಖಾಲಿ ಆಗಬೇಕಿದ್ದರೆ ‘ಫ್ರೀ ಅಪ್ ಸ್ಪೇಸ್’ ಒತ್ತಬೇಕು. ಕೈತಪ್ಪಿ ಅಳಿಸಿದ ಫೋಟೊ ಬ್ಯಾಕಪ್ ಆಗಿದ್ದರೆ 60 ದಿನ ಟ್ರ್ಯಾಶ್‌ನಲ್ಲಿ ಇರುತ್ತೆ, ವಾಪಸ್ ತಗೋಬಹುದು.

ನೆಟ್‌ವರ್ಕ್ ಸರಿ ಇಲ್ಲದ ಊರಾದರೆ ಫೋನಿಗೆ ನೇರ ಸಿಕ್ಕಿಸುವ ಓಟಿಜಿ ಪೆನ್‌ಡ್ರೈವ್ ಒಂದು ತಗೊಳ್ಳಿ. ಹಂಗಾಮು ಮುಗಿದ ಮೇಲೆ ಐದೂ ಆಲ್ಬಂ ಅದಕ್ಕೆ ನಕಲು ಮಾಡಿ ಮನೆಯ ಟ್ರಂಕಿನಲ್ಲಿ ಪಹಣಿ ಜೊತೆ ಇಡಿ.

ವಾರಕ್ಕೆ ಹತ್ತು ನಿಮಿಷ

ಇದೆಲ್ಲ ಒಂದೇ ದಿನ ಮಾಡೋಕೆ ಹೋಗಬೇಡಿ, ಬೇಜಾರಾಗುತ್ತೆ. ಹಳೇ ನಾಲ್ಕು ಸಾವಿರ ಫೋಟೊ ಹಾಗೇ ಇರಲಿ, ಇವತ್ತಿನಿಂದ ತೆಗೆಯೋದನ್ನು ಮಾತ್ರ ಸರಿಯಾಗಿ ಇಡಿ. ಸಂತೆಯ ದಿನ ಬಸ್ಸಿಗೆ ಕಾಯುವಾಗಲೋ, ರಾತ್ರಿ ತ್ರೀಫೇಸ್ ಕರೆಂಟು ಬರೋದನ್ನು ಕಾಯ್ತಾ ಕೂತಾಗಲೋ ಹತ್ತು ನಿಮಿಷ ಸಾಕು: ಮಸುಕಾದ್ದು ಅಳಿಸಿ, ಬೇಕಾದ್ದನ್ನು ಆಲ್ಬಂಗೆ ಸೇರಿಸಿ, ಎರಡು ಪದ ವಿವರಣೆ ಬರೆಯಿರಿ. ಮಳೆಗಾಲ ಮುಗಿಯೋವರೆಗೆ ಫೋನಿನಲ್ಲಿ 2 ಜಿಬಿಯಾದರೂ ಖಾಲಿ ಇಡಿ.

ಇದರಿಂದ ಇನ್ನೊಂದು ಲಾಭ ನಿಧಾನಕ್ಕೆ ಗೊತ್ತಾಗುತ್ತೆ. ಎರಡು ವರ್ಷದ ಬೆಳೆ ಆಲ್ಬಂ ಅಕ್ಕಪಕ್ಕ ಇಟ್ಟು ನೋಡಿದರೆ ಹೊಲದ ಯಾವ ಮೂಲೆಯಲ್ಲಿ ನೀರು ನಿಲ್ಲುತ್ತೆ, ಬಿತ್ತಿ ಎಷ್ಟನೇ ದಿನಕ್ಕೆ ಹುಳ ಕಾಣಿಸುತ್ತೆ, ಯಾವ ತಳಿ ಗಾಳಿಗೆ ಬೀಳುತ್ತೆ ಅನ್ನೋದು ಕಣ್ಣಿಗೇ ಕಾಣುತ್ತೆ. ನಮ್ಮ ಅಪ್ಪ ಇದನ್ನೆಲ್ಲ ತಲೆಯಲ್ಲೇ ಇಟ್ಟುಕೊಂಡಿದ್ದರು. ನಮ್ಮ ತಲೆಗೆ ಅಷ್ಟು ಜಾಗ ಇಲ್ಲ, ಫೋನಿನಲ್ಲಾದರೂ ಇರಲಿ.

ಈ ವಾರಕ್ಕೆ ಒಂದೇ ಕೆಲಸ: ಮನೆಯಲ್ಲಿರುವ ಎಲ್ಲ ಔಷಧ ಬಾಟಲಿಗಳ ಲೇಬಲ್ ಫೋಟೊ ತೆಗೆದು, ಮೊದಲ ಆಲ್ಬಂ ಶುರು ಮಾಡಿ.