ಮೆದುಳಿನ ಹೊರಪದರವೂ ಮನಸ್ಸಿನ ನೆಮ್ಮದಿಯೂ

೧೯೯೩ನೆಯ ಸೆಪ್ಟೆಂಬರ್ ೩೦ರ ನಸುಕಿನಲ್ಲಿ ಕಿಲ್ಲಾರಿಯ ಭೂಕಂಪವು ಉಮರ್ಗಾ, ನಿಲಂಗಾ ಸೀಮೆಯ ಊರುಗಳನ್ನು ನಡುಗಿಸಿತು. ಸುಮಾರು ಹತ್ತು ಸಾವಿರ ಜನ ಮಡಿದರು. ಬದುಕಿ ಉಳಿದ ಅನೇಕರಿಗೆ ನೆಲದ ನಡುಕ ನಿಂತ ಮೇಲೂ ಎದೆಯ ನಡುಕ ನಿಲ್ಲಲಿಲ್ಲ. ಇದಕ್ಕೆ ಕಾರಣವೇನು?

ಮೆದುಳಿನ ಮೇಲ್ಮೈಯಲ್ಲಿ ಮಡಿಕೆ ಮಡಿಕೆಯಾಗಿ ಹಾಸಿರುವ ಬೂದುಬಣ್ಣದ ಪದರಕ್ಕೆ ಕಾರ್ಟೆಕ್ಸ್ ಎಂದು ಹೆಸರು. ಇದರ ದಪ್ಪ ೨ರಿಂದ ೪ ಮಿಲಿಮೀಟರು ಮಾತ್ರ. ಆದರೂ ಮಾತು, ನೆನಪು, ವಿವೇಚನೆಗಳಿಗೆ ಇದೇ ಆಧಾರ. ಇದರ ಕೆಳಗೆ, ಆಳದಲ್ಲಿ, ಬಾದಾಮಿಯಾಕಾರದ ಅಮಿಗ್ಡಲವಿದೆ. ಅಪಾಯ ಕಂಡೊಡನೆ ಅದು ಎಚ್ಚರಿಕೆಯ ಕರೆ ಕೊಡುತ್ತದೆ. ಎದೆ ಡವಗುಟ್ಟುತ್ತದೆ, ಅಂಗೈ ಬೆವರುತ್ತದೆ. ಹಣೆಯ ಹಿಂದಿರುವ ಕಾರ್ಟೆಕ್ಸು ಪರಿಸ್ಥಿತಿಯನ್ನು ಅಳೆದು ನೋಡಿ, ಅಪಾಯ ಕಳೆದ ಮೇಲೆ ಅದನ್ನು ಶಾಂತಗೊಳಿಸುತ್ತದೆ. ಘೋರ ಆಘಾತದ ನಂತರ ಈ ಹತೋಟಿ ಸಡಿಲಾಗಬಹುದು. ಆಗ ಲಾರಿಯ ಸದ್ದೂ ಭೂಕಂಪದಂತೆ ತೋರುತ್ತದೆ. ಇದು ಹೇಡಿತನವಲ್ಲ, ದೆವ್ವದ ಕಾಟವೂ ಅಲ್ಲ; ಚಿಕಿತ್ಸೆಗೆ ಬಗ್ಗುವ ಬೇನೆ.

ವಿದ್ಯಾರ್ಥಿಗಳೇ, ಈ ಮುಂಭಾಗವು ಪೂರ್ಣವಾಗಿ ಬಲಿಯುವುದು ಇಪ್ಪತ್ತೈದು ವರ್ಷದ ಸುಮಾರಿಗೆ. ಆದುದರಿಂದ ಎಳೆಯರ ಸಿಟ್ಟಿಗೂ ಅಂಜಿಕೆಗೂ ಪಾಲಕರ ತಾಳ್ಮೆಯೇ ಊರುಗೋಲು. ಸಂಕಟವು ಮೀರಿದಾಗ ಸಂಕೋಚವಿಲ್ಲದೆ ವೈದ್ಯರನ್ನು ಕಾಣಬೇಕು. ೧೪೪೧೬ ಎಂಬ ಟೆಲಿ ಮಾನಸ್ ದೂರವಾಣಿಯಲ್ಲಿ ಕನ್ನಡ, ಮರಾಠಿ ಎರಡರಲ್ಲಿಯೂ ಸಲಹೆ ದೊರೆಯುತ್ತದೆ.