ಆಟಿಸಂ ಇರುವ ಮಗು ನಮ್ಮ ತರಗತಿಗೆ ಬಂದಾಗ

ಪರೀಕ್ಷೆಯ ದೃಷ್ಟಿಯಿಂದ ನೋಡಿದರೆ ಆಟಿಸಂ ನಮಗೆ ಒಂದು ಟಿಪ್ಪಣಿ. ಲಕ್ಷಣ ನಾಲ್ಕು, ಕಾರಣ ಎರಡು, ಶಿಕ್ಷಕರ ಪಾತ್ರ ಮೂರು ಎಂದು ಬರೆದರೆ ಅಂಕ ಬರುತ್ತದೆ. ನನ್ನ ಮನೆಯಲ್ಲಿ ಅದು ಹದಿನೈದು ವರ್ಷದ ನನ್ನ ತಮ್ಮ. ಚಿಂತಾಮಣಿ ತಾಲ್ಲೂಕಿನ ನಮ್ಮ ಊರಿನ ಹತ್ತಿರದ ಪ್ರೌಢಶಾಲೆಯಲ್ಲಿ ಒಂಬತ್ತನೇ ತರಗತಿ ಓದುತ್ತಿದ್ದಾನೆ. ಮುಂದಿನ ವರ್ಷ ಎಸ್‌ಎಸ್‌ಎಲ್‌ಸಿ. ಬೋಧನಾಭ್ಯಾಸ ಮುಗಿಸಿ ಬಂದ ಸಹಪಾಠಿಗಳು ಚರ್ಚೆಯ ದಿನ ತಮ್ಮ ಅನುಭವ ಹೇಳುವಾಗ ಗೌರಿಬಿದನೂರಿನಿಂದ ಒಬ್ಬರು, ಚಿಕ್ಕಬಳ್ಳಾಪುರದಿಂದ ಇಬ್ಬರು ‘ಮಾತೇ ಆಡದ ಹುಡುಗ’, ‘ಬೆಂಚಿನ ಕೆಳಗೆ ಕೂರುವ ಹುಡುಗಿ’ ಎಂದು ಪ್ರಸ್ತಾಪಿಸಿದರು. ಆ ಮಕ್ಕಳಿಗೆಲ್ಲ ಆಟಿಸಂ ಇದೆ ಎಂದು ನಾನು ಹೇಳಲಾರೆ. ಆದರೆ ಇದ್ದರೆ ನಾವು ಏನು ಮಾಡಬೇಕು ಎಂಬುದನ್ನು ಮನೆಯಲ್ಲಿ ಕಂಡದ್ದು ಮತ್ತು ಓದಿ ತಿಳಿದದ್ದು ಸೇರಿಸಿ ಇಲ್ಲಿ ಬರೆದಿದ್ದೇನೆ.

ಆಟಿಸಂ ಎಂದರೇನು?

ಕನ್ನಡದಲ್ಲಿ ಇದಕ್ಕೆ ಸ್ವಲೀನತೆ ಎಂಬ ಪದವಿದೆ. ಮಗು ತನ್ನಲ್ಲೇ ಮುಳುಗಿರುತ್ತದೆ ಎಂಬ ಅರ್ಥ ಆ ಪದದಿಂದ ಬರುತ್ತದಾದರೂ ಅದು ಪೂರ್ತಿ ಸರಿಯಲ್ಲ. ಆಟಿಸಂ ರೋಗವಲ್ಲ, ಮಿದುಳಿನ ಬೆಳವಣಿಗೆಯಲ್ಲಿ ಚಿಕ್ಕಂದಿನಿಂದಲೇ ಇರುವ ವ್ಯತ್ಯಾಸ. ಅದು ಮುಖ್ಯವಾಗಿ ಎರಡು ಕಡೆ ಕಾಣುತ್ತದೆ. ಮೊದಲನೆಯದು ಸಂವಹನ ಮತ್ತು ಸಾಮಾಜಿಕ ಒಡನಾಟ: ಹೆಸರು ಕರೆದರೆ ತಿರುಗದಿರುವುದು, ಬೇಕಾದ್ದನ್ನು ಬೆರಳು ಮಾಡಿ ತೋರಿಸದಿರುವುದು, ಕೇಳಿದ ಮಾತನ್ನೇ ತಿರುಗಿ ಹೇಳುವುದು. ಎರಡನೆಯದು ವರ್ತನೆ ಮತ್ತು ಆಸಕ್ತಿ: ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುವುದು, ದಿನಚರಿ ಬದಲಾದರೆ ಕಂಗಾಲಾಗುವುದು, ಶಬ್ದ, ಬೆಳಕು, ಸ್ಪರ್ಶಗಳು ಅತಿಯಾಗಿ ಅಥವಾ ತೀರಾ ಕಡಿಮೆಯಾಗಿ ತಟ್ಟುವುದು.

ಈ ಲಕ್ಷಣಗಳ ಪ್ರಮಾಣ ಪ್ರತಿ ಮಗುವಿನಲ್ಲೂ ಬೇರೆ. ಒಬ್ಬರಿಗೆ ಮಾತೇ ಬಾರದಿರಬಹುದು, ಇನ್ನೊಬ್ಬರು ಎಂಜಿನಿಯರ್ ಆಗಿರಬಹುದು. ನನ್ನ ತಮ್ಮ ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರದ ಮೇಲೆ ಕೋಲಾರಕ್ಕೆ ಹೋಗುವ ರೈಲು ಮಾರ್ಗದ ನಿಲ್ದಾಣಗಳನ್ನು ಮುಂದಿನಿಂದಲೂ ಹಿಂದಿನಿಂದಲೂ ಹೇಳುತ್ತಾನೆ. ಹೊಟ್ಟೆ ನೋಯುತ್ತಿದೆ ಎಂದು ಹೇಳುವುದು ಮಾತ್ರ ಅವನಿಗೆ ಈಗಲೂ ಕಷ್ಟ.

ಯಾರ ತಪ್ಪು?

ಯಾರದ್ದೂ ಅಲ್ಲ. ಲಿಯೋ ಕ್ಯಾನರ್ ಎಂಬ ಮನೋವೈದ್ಯರು 1943ರಲ್ಲಿ ಹನ್ನೊಂದು ಮಕ್ಕಳನ್ನು ಗಮನಿಸಿ ಈ ಸ್ಥಿತಿಯನ್ನು ವಿವರಿಸಿದರು. ಆ ನಂತರ ಬಹಳ ವರ್ಷ, ತಾಯಿಯ ಪ್ರೀತಿ ಸಾಲದೆ ಮಗು ಹೀಗಾಗುತ್ತದೆ ಎಂದು ತಜ್ಞರೇ ಹೇಳುತ್ತಿದ್ದರು. ಆ ವಾದ ಬಿದ್ದುಹೋಗಿದೆ. ಲಸಿಕೆಯಿಂದ ಆಟಿಸಂ ಬರುತ್ತದೆ ಎಂಬ ಭಯಕ್ಕೆ ಕಾರಣವಾದ 1998ರ ಲೇಖನವನ್ನು ಅದನ್ನು ಪ್ರಕಟಿಸಿದ್ದ ಲ್ಯಾನ್ಸೆಟ್ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು. ಅನುವಂಶೀಯತೆಯ ಪಾತ್ರ ದೊಡ್ಡದು ಎಂದು ಇಂದಿನ ಅಧ್ಯಯನಗಳು ಹೇಳುತ್ತವೆ. ನಮ್ಮ ಊರಿನಲ್ಲಿ ಮಾತ್ರ ನಮ್ಮಮ್ಮನಿಗೆ ಗ್ರಹಣದಿಂದ ಹಿಡಿದು ಟಿವಿಯವರೆಗೆ ಎಲ್ಲವನ್ನೂ ಕಾರಣವಾಗಿ ಹೇಳಿದ್ದಾರೆ. ಪೋಷಕರ ಸಭೆಗೆ ಬರುವ ತಾಯಿ ಇಂಥ ಮಾತುಗಳನ್ನು ಕೇಳಿಸಿಕೊಂಡೇ ಬಂದಿರುತ್ತಾಳೆ. ನಾವು ಅದಕ್ಕೆ ಇನ್ನೊಂದು ಸೇರಿಸಬಾರದು.

ನಮ್ಮ ಜಿಲ್ಲೆಗೆ ವಿಶೇಷವಾಗಿ ಅನ್ವಯಿಸುವ ಒಂದು ವಿಷಯವಿದೆ. ಇಲ್ಲಿ ಎಷ್ಟೋ ಮನೆಗಳಲ್ಲಿ ಮಾತು ತೆಲುಗು ಅಥವಾ ಉರ್ದು, ಶಾಲೆಯಲ್ಲಿ ಕನ್ನಡ. ‘ಎರಡು ಭಾಷೆಯಿಂದ ಮಗುವಿಗೆ ಗೊಂದಲ, ಮನೆಯಲ್ಲೂ ಕನ್ನಡವನ್ನೇ ಮಾತಾಡಿ’ ಎಂದು ಶಿಕ್ಷಕರು ಸಲಹೆ ಕೊಡುವುದುಂಟು. ಎರಡು ಭಾಷೆ ಕೇಳಿ ಬೆಳೆಯುವುದರಿಂದ ಆಟಿಸಂ ಇರುವ ಮಕ್ಕಳ ಮಾತಿಗೆ ಹೆಚ್ಚಿನ ತೊಂದರೆಯಾಗುತ್ತದೆ ಎಂಬುದನ್ನು ಸಂಶೋಧನೆಗಳು ಒಪ್ಪುವುದಿಲ್ಲ. ಅಜ್ಜಿಗೆ ತೆಲುಗು ಮಾತ್ರ ಬರುವ ಮನೆಯಲ್ಲಿ ತೆಲುಗು ನಿಲ್ಲಿಸಿದರೆ, ಮೊದಲೇ ಮಾತು ಕಡಿಮೆ ಇರುವ ಮಗುವಿಗೆ ಅಜ್ಜಿಯೂ ಇಲ್ಲದಂತಾಗುತ್ತದೆ.

ಗುರುತಿಸುವವರು ಯಾರು?

ಶಿಕ್ಷಕರು ಗಮನಿಸಬಹುದು, ದಾಖಲಿಸಬಹುದು, ಆದರೆ ‘ಇವನಿಗೆ ಆಟಿಸಂ’ ಎಂದು ತೀರ್ಮಾನಿಸಬಾರದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಿಗೆ ತಪಾಸಣೆಗೆ ಬರುತ್ತವೆ. ಬೆಳವಣಿಗೆಯ ವಿಳಂಬವನ್ನು ಪತ್ತೆ ಮಾಡುವುದೂ ಅವರ ಕೆಲಸ. ತಂಡ ಬಂದ ದಿನ ನಮ್ಮ ದಾಖಲೆ ಕೈಯಲ್ಲಿದ್ದರೆ ಆ ಮಗುವಿನ ಸರದಿಗೆ ಅರ್ಥ ಬರುತ್ತದೆ. ಮುಂದಿನ ಪರೀಕ್ಷೆಗೆ ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗಳಿವೆ.

ಪ್ರಮಾಣಪತ್ರಕ್ಕಾಗಿ ತಜ್ಞರು ಬಳಸುವ ಭಾರತೀಯ ಮಾಪನಿಯ ಹೆಸರು ‘ಇಸಾ’. ಅದರಲ್ಲಿ 40 ಅಂಶಗಳಿವೆ, ಪ್ರತಿಯೊಂದಕ್ಕೂ 1ರಿಂದ 5 ಅಂಕ. ಒಟ್ಟು 70ಕ್ಕಿಂತ ಕಡಿಮೆ ಬಂದರೆ ಆಟಿಸಂ ಇಲ್ಲ. 70ರಿಂದ 106 ಸೌಮ್ಯ, 107ರಿಂದ 153 ಮಧ್ಯಮ, ಅದಕ್ಕೂ ಮೇಲೆ ತೀವ್ರ. ಈ ಅಂಕ ಮಗುವಿಗೆ ಎಷ್ಟು ನೆರವು ಬೇಕೆಂದು ತಿಳಿಯಲು ಇರುವುದು, ಮಗುವಿನ ಬುದ್ಧಿಯ ಅಂಕವಲ್ಲ.

ಅಮ್ಮನ ಫೈಲು

ನಮ್ಮಮ್ಮ ಏಳನೇ ತರಗತಿಯವರೆಗೆ ಓದಿದವರು. 2016ರ ಜೂನ್‌ನಲ್ಲಿ ತಮ್ಮನನ್ನು ಒಂದನೇ ತರಗತಿಗೆ ಸೇರಿಸಲು ಹೋದಾಗ ಒಂದು ಶಾಲೆಯಲ್ಲಿ ‘ಇಂಥ ಮಕ್ಕಳಿಗೆ ಬೇರೆ ಶಾಲೆ ಇರುತ್ತೆ’ ಎಂದರು. ಇನ್ನೊಂದರಲ್ಲಿ ‘ಮುಂದಿನ ವರ್ಷ ನೋಡೋಣ’ ಎಂದರು. ಎರಡೂ ಬಾಯಿಮಾತು. ಆಗ ಪರಿಚಯದ ಅಂಗನವಾಡಿ ಶಿಕ್ಷಕಿಯೊಬ್ಬರು ಅಮ್ಮನಿಗೆ ಹೇಳಿದ್ದು ಇಷ್ಟೇ: ಅರ್ಜಿ ಬರೆದುಕೊಡಿ, ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ, ಇಲ್ಲ ಅನ್ನುವುದಾದರೆ ಬರವಣಿಗೆಯಲ್ಲೇ ಹೇಳಲಿ. ಅಮ್ಮ ಹಾಗೆಯೇ ಮಾಡಿದರು. ಬರವಣಿಗೆಯಲ್ಲಿ ಯಾರೂ ಇಲ್ಲ ಎನ್ನಲಿಲ್ಲ. ತಮ್ಮ ಶಾಲೆಗೆ ಸೇರಿದ. ಆ ಸೀಲಿನ ಪ್ರತಿ ಅಮ್ಮನ ಫೈಲಿನ ಮೊದಲ ಹಾಳೆ.

ಬರೆದು ಕೇಳುವವರ ಹಿಂದೆ ಈಗ ಕಾನೂನು ಗಟ್ಟಿಯಾಗಿ ನಿಂತಿದೆ. 1995ರ ಅಂಗವಿಕಲರ ಕಾಯ್ದೆಯ ಪಟ್ಟಿಯಲ್ಲಿ ಏಳು ಬಗೆಯ ಅಂಗವೈಕಲ್ಯಗಳಿದ್ದವು, ಅವುಗಳಲ್ಲಿ ಆಟಿಸಂ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಅದನ್ನು ಹೆಸರಿಸಿತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್ 19ರಿಂದ ಜಾರಿಗೆ ಬಂದು ಪಟ್ಟಿಯನ್ನು 21ಕ್ಕೆ ಏರಿಸಿತು, ಆಟಿಸಂ ಅದರಲ್ಲಿದೆ. ಆ ಕಾಯ್ದೆಯ 16ನೇ ಕಲಂ ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳು ತಾರತಮ್ಯವಿಲ್ಲದೆ ಮಗುವನ್ನು ಸೇರಿಸಿಕೊಳ್ಳಬೇಕು, ಅಗತ್ಯಕ್ಕೆ ತಕ್ಕ ಹೊಂದಾಣಿಕೆ ಮಾಡಬೇಕು ಎನ್ನುತ್ತದೆ. 17ನೇ ಕಲಂ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವವರ ಸಹಾಯ, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿಯಂಥ ಮಾರ್ಪಾಡುಗಳನ್ನು ಹೆಸರಿಸುತ್ತದೆ. 31ನೇ ಕಲಂ ನಿಗದಿತ ಪ್ರಮಾಣದ ಅಂಗವೈಕಲ್ಯವಿರುವ ಮಗುವಿಗೆ 6ರಿಂದ 18 ವರ್ಷದವರೆಗೆ ನೆರೆಯ ಶಾಲೆಯಲ್ಲಾಗಲಿ, ವಿಶೇಷ ಶಾಲೆಯಲ್ಲಾಗಲಿ ಉಚಿತ ಶಿಕ್ಷಣದ ಹಕ್ಕು ಕೊಡುತ್ತದೆ. ಆಯ್ಕೆ ಮಗು ಮತ್ತು ಮನೆಯವರದ್ದು. ಹೀಗಾಗಿ ‘ಬೇರೆ ಶಾಲೆ ಇರುತ್ತೆ’ ಎಂಬುದು ಶಾಲೆ ಹೇಳುವ ಮಾತಲ್ಲ.

ಮೈಸೂರಿನ ತಾಯಿ ಮತ್ತು ಮಗ

ಕರ್ನಾಟಕದಲ್ಲಿ ಈ ವಿಷಯ ಬಂದಾಗ ನೆನಪಾಗಬೇಕಾದ ಹೆಸರು ಟೀಟೊ ರಾಜರ್ಷಿ ಮುಖೋಪಾಧ್ಯಾಯ. ಮಾತು ಬಹಳ ಕಡಿಮೆಯಿದ್ದ ಈ ಹುಡುಗ ಬಾಲ್ಯದಲ್ಲಿ ಮೈಸೂರು, ಬೆಂಗಳೂರುಗಳಲ್ಲಿದ್ದ. ತಾಯಿ ಸೋಮಾ ಅವನಿಗೆ ಅಕ್ಷರದ ಹಲಗೆ ತೋರಿಸಿ, ಪಟ್ಟು ಬಿಡದೆ ಓದುಬರಹ ಕಲಿಸಿದರು. ವಾಕ್ ತಜ್ಞೆ ಪ್ರತಿಭಾ ಕಾರಂತರು ಅವನ ಮಾತಿಗಾಗಿ ಕೆಲಸ ಮಾಡಿದರು. ಅವನು ಬರೆದ ‘ಬಿಯಾಂಡ್ ದ ಸೈಲೆನ್ಸ್’ 2000ರಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾಯಿತು. ಸೋಮಾ ಅವರ ವಿಧಾನ ಮುಂದೆ ಅಮೆರಿಕದಲ್ಲಿ ಹರಡಿತು. ಆದರೆ ಅದಕ್ಕೆ ವೈಜ್ಞಾನಿಕ ಆಧಾರ ಸಾಲದು, ಮೂಡಿಬರುವ ಪದಗಳು ಮಗುವಿನವೇ ಎಂಬ ಖಾತ್ರಿಯಿಲ್ಲ ಎಂದು ಅಲ್ಲಿನ ವಾಕ್ ಶ್ರವಣ ತಜ್ಞರ ಸಂಘ 2018ರಲ್ಲಿ ಎಚ್ಚರಿಸಿತು. ವಿಜ್ಞಾನದ ವಿದ್ಯಾರ್ಥಿಯಾಗಿ ನಾನು ಎರಡನ್ನೂ ಜೊತೆಗೆ ಇಟ್ಟುಕೊಳ್ಳುತ್ತೇನೆ. ಮಾತಾಡದ ಮಗುವಿಗೆ ಅರ್ಥವಾಗುವುದಿಲ್ಲ ಎಂದು ಮೊದಲೇ ತೀರ್ಮಾನಿಸಬಾರದು. ಒಂದು ಮಗುವಿನ ಕಥೆಯನ್ನು ಎಲ್ಲರಿಗೂ ಚಿಕಿತ್ಸೆ ಎಂದು ಮಾರುವವರನ್ನೂ ನಂಬಬಾರದು.

45 ನಿಮಿಷದಲ್ಲಿ ಏನು ಮಾಡಬಹುದು?

ಶಿಡ್ಲಘಟ್ಟದಲ್ಲಿ ರೂಪಪರಿವರ್ತನೆಯ ಪಾಠಕ್ಕೆ ನಾನು ರೇಷ್ಮೆಹುಳುವನ್ನೇ ತೆಗೆದುಕೊಂಡೆ. ಮೊಟ್ಟೆ, ಹುಳು, ಗೂಡಿನೊಳಗಿನ ಕೋಶ, ಪತಂಗ ಅಲ್ಲಿನ ಮಕ್ಕಳಿಗೆ ಮನೆಯ ಮಾತು. ಮನೆಯಲ್ಲಿ ತಮ್ಮನಿಗೆ ಕೆಲಸಕ್ಕೆ ಬಂದದ್ದನ್ನು ಪಾಠಕ್ಕೆ ಹೀಗೆ ಅಳವಡಿಸಿದೆ.

ಪಾಠದ ಐದು ಹಂತಗಳನ್ನು ಕಪ್ಪುಹಲಗೆಯ ಎಡ ಅಂಚಿನಲ್ಲಿ ಮೊದಲೇ ಬರೆದೆ. ಮುಗಿದ ಹಂತವನ್ನು ಆಗಾಗಲೇ ಅಳಿಸಿದೆ. ಮುಂದೇನು ಎಂಬುದು ಕಣ್ಣಿಗೆ ಕಂಡರೆ ಅರ್ಧ ಆತಂಕ ಇಳಿಯುತ್ತದೆ.

ಸೂಚನೆಯನ್ನು ನೇರವಾಗಿ ಹೇಳಿದೆ. ನಮ್ಮ ಕನ್ನಡ ನುಡಿಗಟ್ಟಿನ ಭಾಷೆ. ‘ಕಿವಿಗೊಡು’ ಎಂದಾಗ ನನ್ನ ತಮ್ಮ ಎರಡೂ ಕಿವಿ ಹಿಡಿದು ನಿಂತಿದ್ದ, ಅದನ್ನು ಅಣಕ ಎಂದುಕೊಂಡ ಶಿಕ್ಷಕರು ಹೊರಗೆ ನಿಲ್ಲಿಸಿದ್ದರು. ‘ಪಾಠದ ಮೇಲೆ ಕಣ್ಣಾಡಿಸಿ’ ಎನ್ನುವ ಬದಲು ‘ಮೂರನೇ ಪ್ಯಾರಾ ಓದಿ’ ಎಂದರೆ ಎಲ್ಲರಿಗೂ ಸ್ಪಷ್ಟ.

ಪ್ರಶ್ನೆ ಕೇಳಿ ಹತ್ತು ಸೆಕೆಂಡ್ ಕಾದೆ. ಉತ್ತರವನ್ನು ಹೇಳಬಹುದು, ಬರೆಯಬಹುದು, ಚಿತ್ರದ ಮೇಲೆ ಬೆರಳಿಟ್ಟು ತೋರಿಸಬಹುದು ಎಂದೆ. ಕಣ್ಣಿಗೆ ಕಣ್ಣು ಕೊಟ್ಟು ಉತ್ತರಿಸಬೇಕೆಂದು ಯಾರನ್ನೂ ಒತ್ತಾಯಿಸಲಿಲ್ಲ. ಗಂಟೆ ಹೊಡೆಯುವ ಎರಡು ನಿಮಿಷ ಮುಂಚೆ ‘ಈಗ ಗಂಟೆ ಆಗುತ್ತದೆ’ ಎಂದೆ.

‘ನಲವತ್ತು ಮಕ್ಕಳಿರುವಾಗ ಒಬ್ಬನಿಗಾಗಿ ಇಷ್ಟೆಲ್ಲ ಆಗುತ್ತದೆಯೇ?’ ಎಂದು ಸಹಪಾಠಿಯೊಬ್ಬರು ಕೇಳಿದರು. ಇದರಲ್ಲಿ ಯಾವುದೂ ಒಬ್ಬನಿಗಾಗಿ ಮಾತ್ರ ಅಲ್ಲ, ಬೆರಳಿಟ್ಟು ಉತ್ತರಿಸಿದವರಲ್ಲಿ ಹಿಂದಿನ ಬೆಂಚಿನ ನಾಲ್ಕು ಹುಡುಗಿಯರೂ ಇದ್ದರು. ಆದರೂ ಅವರ ಪ್ರಶ್ನೆ ನ್ಯಾಯವಾದದ್ದೇ. ಕೆಲವು ಮಕ್ಕಳಿಗೆ ಇಷ್ಟು ಸಾಲದು, ವಿಶೇಷ ಶಿಕ್ಷಕರು ಬೇಕೇ ಬೇಕು. ಅಂಥ ಎಷ್ಟು ಮಕ್ಕಳಿಗೆ ಒಬ್ಬರು ವಿಶೇಷ ಶಿಕ್ಷಕರಿರಬೇಕು ಎಂಬ ಮಾನದಂಡವನ್ನು ಸರ್ಕಾರ ನಿಗದಿಪಡಿಸಬೇಕು ಎಂದು ಸುಪ್ರೀಂ ಕೋರ್ಟ್ 2021ರ ಅಕ್ಟೋಬರ್‌ನಲ್ಲಿ ಹೇಳಿದೆ. ನಮ್ಮಲ್ಲಿ ತಾಲ್ಲೂಕು ಮಟ್ಟದ ಬಿ.ಐ.ಇ.ಆರ್.ಟಿ. ಶಿಕ್ಷಕರು ಹಲವು ಶಾಲೆಗಳನ್ನು ಸುತ್ತಬೇಕು. ಅವರು ಬರುವ ದಿನ ತಿಳಿದುಕೊಂಡು ನಮ್ಮ ಪಾಠ ಯೋಜನೆಯನ್ನು ಅವರಿಗೆ ತೋರಿಸುವುದು ನಮ್ಮ ಕೈಯಲ್ಲಿರುವ ಕೆಲಸ.

ಮನೆಯವರನ್ನು ಮೂರು ಪ್ರಶ್ನೆ ಕೇಳುವುದೂ ನಮ್ಮ ಕೈಯಲ್ಲಿದೆ. ಮಗು ಯಾವುದಕ್ಕೆ ಗಾಬರಿಯಾಗುತ್ತದೆ? ಏನು ಮಾಡಿದರೆ ಸಮಾಧಾನವಾಗುತ್ತದೆ? ‘ಬೇಡ’ ಮತ್ತು ‘ಶೌಚಕ್ಕೆ ಹೋಗಬೇಕು’ ಎಂಬುದನ್ನು ಹೇಗೆ ತಿಳಿಸುತ್ತದೆ? ತಮ್ಮನ ಎಂಟು ವರ್ಷದ ಶಾಲಾ ಜೀವನದಲ್ಲಿ ಇದನ್ನು ಕೇಳಿದವರು ಒಬ್ಬರೇ ಶಿಕ್ಷಕಿ. ಆ ವರ್ಷ ಅವನು ಒಂದು ದಿನವೂ ಶಾಲೆ ಬೇಡ ಎನ್ನಲಿಲ್ಲ.

ಹದಿನೆಂಟರ ನಂತರ

18 ತುಂಬಿದ ಮೇಲೆ ಕಾನೂನಿನ ಲೆಕ್ಕದಲ್ಲಿ ಅಪ್ಪ ಅಮ್ಮ ತಾವಾಗಿಯೇ ಪೋಷಕರಾಗಿ ಉಳಿಯುವುದಿಲ್ಲ. ಅಗತ್ಯವಿದ್ದರೆ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲೆಯ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಿ ಕಾನೂನುಬದ್ಧ ಪೋಷಕರನ್ನು ನೇಮಿಸಿಕೊಳ್ಳಬೇಕು. ‘ನಮ್ಮ ನಂತರ ಯಾರು?’ ಎಂದು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಕೇಳಿಲ್ಲ, ಉತ್ತರ ನಾನು ಎಂಬುದು ಎಲ್ಲರಿಗೂ ಗೊತ್ತು. ತಮ್ಮ ತನ್ನ ಸಹಿ ತಾನೇ ಹಾಕುವಷ್ಟು, ಬಸ್ಸಿನ ಚಿಲ್ಲರೆ ಎಣಿಸುವಷ್ಟು, ‘ಬೇಡ’ ಎಂದು ಎದುರಿನವರಿಗೆ ಹೇಳುವಷ್ಟು ಕಲಿತರೆ ನನ್ನ ಪಾಲಿನ ನಿರ್ಧಾರಗಳು ಅಷ್ಟು ಕಡಿಮೆಯಾಗುತ್ತವೆ. ಅವನಿಗೆ ಶಾಲೆ ಬೇಕಾಗಿರುವುದು ಇದಕ್ಕೇ.

ಎಸ್‌ಎಸ್‌ಎಲ್‌ಸಿಗೆ ಹೆಚ್ಚುವರಿ ಸಮಯ ಮತ್ತು ಭಾಷಾ ವಿನಾಯಿತಿ ಕೋರುವ ಅರ್ಜಿ ಸಿದ್ಧವಾಗಿದೆ. ಈ ಸಲ ಬರೆದವನು ನಾನು. ಎರಡು ಪ್ರತಿ ಮಾಡಿಸಿದ್ದೇನೆ, ಒಂದು ಶಾಲೆಗೆ, ಇನ್ನೊಂದು ಸೀಲು ಹಾಕಿಸಿಕೊಂಡು ಅಮ್ಮನ ಫೈಲಿಗೆ.