ಮದರ್ಸ್ ಡೇ ಕೇಕಿನ ಹಿಂದಿರುವ ಆ ತಾಯಿ ಯಾರು?

ಮೇ ತಿಂಗಳ ಎರಡನೇ ಭಾನುವಾರ ಹತ್ತಿರ ಬಂತೆಂದರೆ ಬಸ್ ಸ್ಟ್ಯಾಂಡ್ ಪಕ್ಕದ ಬೇಕರಿಗಳಲ್ಲಿ ಕೇಕಿನ ಮೇಲೆ ಹೊಸ ಅಕ್ಷರ ಮೂಡುತ್ತದೆ: 'ಹ್ಯಾಪಿ ಮದರ್ಸ್ ಡೇ!' ಫ್ಯಾನ್ಸಿ ಸ್ಟೋರಿನಲ್ಲಿ ಬಣ್ಣಬಣ್ಣದ ಕಾರ್ಡು. ಹೂವಿನಂಗಡಿಯಲ್ಲಿ ಪ್ಲಾಸ್ಟಿಕ್ ಹಾಳೆ ಸುತ್ತಿಕೊಂಡ ಗುಲಾಬಿ. ಬಸ್ಸಿಗೆ ಕಾದು ನಿಂತ ಹಳ್ಳಿಯ ಯಜಮಾನರು ಇದನ್ನು ನೋಡಿ ಕೇಳುವುದುಂಟು:

"ಏನ್ ಸಾವ್ಕಾರ್ರೇ, ತಾಯಿಗೂ ಒಂದು ದಿನ ಮಾಡಿಬಿಟ್ರಾ? ಮಿಕ್ಕ ದಿನ ಅವಳು ಯಾರಿಗೂ ಬೇಡವಾ?"

"ಯಾರು ಮಾಡಿದ್ರೋ ಗೊತ್ತಿಲ್ಲ ಯಜಮಾನ್ರೇ. ಕೇಕು ಖರ್ಚಾಗುತ್ತೆ, ಅಷ್ಟೇ" ಅಂತ ಬೇಕರಿಯವರು ನಗುತ್ತಾರೆ. ಅಷ್ಟರಲ್ಲಿ ಬಸ್ಸು ಬರುತ್ತದೆ. ಮಾತು ಅಲ್ಲಿಗೇ ಮುಗಿಯುತ್ತದೆ.

ಆದರೆ ಯಜಮಾನರ ಪ್ರಶ್ನೆಗೆ ಉತ್ತರವಿದೆ. ಈ ದಿನವನ್ನು ಯಾವ ಕಂಪನಿಯೂ ಹುಟ್ಟುಹಾಕಲಿಲ್ಲ. ದೈವಭಕ್ತೆಯಾದ ಒಬ್ಬ ತಾಯಿ ಹೃದಯದ ಕಾಯಿಲೆಯಲ್ಲಿ ಬಹಳ ಕಾಲ ನರಳಿ ಕಣ್ಣು ಮುಚ್ಚಿದಳು. ಹಾಸಿಗೆ ಪಕ್ಕ ಇದ್ದು ನೋಡಿಕೊಂಡ ಮಗಳು ಆ ಸಾವನ್ನು ಮರೆಯಲಾರದೆ ಈ ದಿನವನ್ನು ಕಟ್ಟಿದಳು. ಕಟ್ಟಿದ ಮೇಲೆ, 'ಇದನ್ನು ನಿಲ್ಲಿಸಿ' ಅಂತ ಅವಳೇ ಬೀದಿಗಿಳಿದಳು! ನಡೆದದ್ದು ದೂರದ ಅಮೆರಿಕದಲ್ಲಿ. ಆದರೂ ಕೇಳಿದರೆ ನಮ್ಮ ಪಕ್ಕದ ಮನೆಯ ಸಂಗತಿಯಂತೆಯೇ ಇದೆ.

ಅಂಗಡಿಯವರ ಮನೆಯಾಕೆ

ಆ ತಾಯಿಯ ಹೆಸರು ಆನ್ ರೀವ್ಸ್ ಜಾರ್ವಿಸ್. 1832ರಲ್ಲಿ ವರ್ಜೀನಿಯ ಸೀಮೆಯಲ್ಲಿ ಹುಟ್ಟಿದವರು. ತಂದೆ ಮೆಥಡಿಸ್ಟ್ ಪಂಥದ ಪಾದ್ರಿ. 1850ರಲ್ಲಿ ಗ್ರ್ಯಾನ್‌ವಿಲ್ ಜಾರ್ವಿಸ್ ಅವರ ಕೈಹಿಡಿದು, ಎರಡು ವರ್ಷದ ನಂತರ ವೆಬ್‌ಸ್ಟರ್ ಎಂಬ ಪುಟ್ಟ ಊರಿಗೆ ಸಂಸಾರ ಹೂಡಲು ಬಂದರು. ಗಂಡನಿಗೆ ಅಲ್ಲಿ ಅಂಗಡಿ ವ್ಯಾಪಾರ.

ಆಕೆ ಹೆತ್ತದ್ದು ಹತ್ತಕ್ಕೂ ಹೆಚ್ಚು ಮಕ್ಕಳನ್ನು. ಬೆಳೆದು ದೊಡ್ಡವರಾದದ್ದು ನಾಲ್ಕೇ ನಾಲ್ಕು ಮಂದಿ! ದಡಾರ, ಟೈಫಾಯಿಡ್, ಗಂಟಲಮಾರಿ... ಆ ಕಾಲದಲ್ಲಿ ಇವು ಮನೆಯೊಳಗೆ ಬಂದರೆ ಬರಿಗೈಯಲ್ಲಿ ಹಿಂದೆ ಹೋಗುತ್ತಿರಲಿಲ್ಲ.

'ಎಲ್ಲಾ ದೇವರ ಇಚ್ಛೆ' ಎಂದು ಪಾದ್ರಿಯ ಮಗಳು ಸುಮ್ಮನೆ ಕೂತಿದ್ದರೆ ಯಾರೂ ತಪ್ಪು ಹೇಳುತ್ತಿರಲಿಲ್ಲ. ಆಕೆ ಕೂರಲಿಲ್ಲ. ಸೋದರ ಜೇಮ್ಸ್ ರೀವ್ಸ್ ಡಾಕ್ಟರು, ಟೈಫಾಯಿಡ್ ಕೆಲಸದಲ್ಲಿ ಹೆಸರು ಮಾಡಿದವರು. ಅವರ ಸಲಹೆ ಸಹಾಯ ಪಡೆದು 1858ರಲ್ಲಿ ಸುತ್ತಲಿನ ಊರುಗಳ ತಾಯಂದಿರನ್ನು ಕೂಡಿಸಿ ಸಂಘಗಳನ್ನು ಕಟ್ಟಿದರು. 'ತಾಯಂದಿರ ದುಡಿಮೆಯ ದಿನ' ಅಂತ ಅವುಗಳ ಹೆಸರು. ಗಮನಿಸಿ, ದುಡಿಮೆಯ ದಿನ! ಹೂವು ಕೊಡುವ ದಿನವಲ್ಲ.

ಈ ಹೆಂಗಸರು ಬಡವರ ಔಷಧಿಗೆ ಚಂದಾ ಎತ್ತಿದರು. ತಾಯಿ ಕ್ಷಯರೋಗದಿಂದ ಮಲಗಿದ್ದ ಮನೆಗಳಿಗೆ ಅಡಿಗೆ, ಮಕ್ಕಳ ಕೆಲಸಕ್ಕೆ ಆಳಿಟ್ಟರು. ಮಕ್ಕಳು ಕುಡಿಯುವ ಹಾಲು ಶುದ್ಧವಿದೆಯೇ ಅಂತ ಪರೀಕ್ಷೆ ಮಾಡಿದರು. ಮನೆಮನೆಗೆ ಹೋಗಿ ಶುಚಿತ್ವದ ಪಾಠ ಹೇಳಿದರು. ತನ್ನ ಮಕ್ಕಳನ್ನು ಉಳಿಸಿಕೊಳ್ಳಲಾಗದ ತಾಯಿ, ಊರಿನ ಮಕ್ಕಳನ್ನು ಉಳಿಸಲು ಹೊರಟಿದ್ದರು.

ಎರಡೂ ಕಡೆಯ ಗಾಯಾಳುಗಳು

1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಯಿತು. ಉತ್ತರದವರಿಗೂ ದಕ್ಷಿಣದವರಿಗೂ ಜಗಳ. ಜಾರ್ವಿಸರ ಊರು ಸರಿಯಾಗಿ ನಡುವೆ. ಒಂದು ಮನೆಯವರು ಈ ಸೈನ್ಯಕ್ಕೆ ಸೇರಿದರೆ, ಎದುರು ಮನೆಯವರು ಆ ಸೈನ್ಯಕ್ಕೆ.

"ನಮ್ಮ ಸಂಘ ಯಾರ ಕಡೆಯೂ ಅಲ್ಲ" ಎಂದು ಆನ್ ತೀರ್ಮಾನ ಮಾಡಿದರು. ಯಾವ ಬಣ್ಣದ ಅಂಗಿಯೇ ಇರಲಿ, ಜ್ವರ ಬಂದವನಿಗೆ ಗಂಜಿ, ಗಾಯವಾದವನಿಗೆ ಪಟ್ಟಿ. ಶಿಬಿರಗಳಲ್ಲಿ ಟೈಫಾಯಿಡ್ ಹರಡಿದಾಗ ಎರಡೂ ಕಡೆಯವರನ್ನು ಇದೇ ಹೆಂಗಸರು ಉಪಚರಿಸಿದರು.

ಯುದ್ಧ 1865ರಲ್ಲಿ ಮುಗಿಯಿತು. ಹಗೆ ಮುಗಿಯಲಿಲ್ಲ. 1868ರಲ್ಲಿ ಆಕೆ ಪ್ರಂಟಿಟೌನಿನ ಕೋರ್ಟಿನ ಆವರಣದಲ್ಲಿ 'ತಾಯಂದಿರ ಸ್ನೇಹದ ದಿನ' ಎಂದು ಸಭೆ ಕರೆದರು. ಎರಡೂ ಕಡೆಯ ಸಿಪಾಯಿಗಳು ಮನೆಮಂದಿಯೊಂದಿಗೆ ಬರಬೇಕು ಅಂತ ಕರೆ. ಹೊಡೆದಾಟ ಗ್ಯಾರಂಟಿ ಎಂದು ಹೆದರಿದವರೇ ಹೆಚ್ಚು. ಹೊಡೆದಾಟ ಆಗಲಿಲ್ಲ. ಹಳೆಯ ಶತ್ರುಗಳು ಕೈಕುಲುಕಿ ಕಣ್ಣೊರೆಸಿಕೊಂಡು ಮನೆಗೆ ಹೋದರು.

ಮಗಳ ಕಿವಿಗೆ ಬಿದ್ದ ಪ್ರಾರ್ಥನೆ

ಅಷ್ಟರಲ್ಲಿ ಸಂಸಾರ ಗ್ರಾಫ್ಟನ್ ಎಂಬ ಊರಿಗೆ ಬಂದಿತ್ತು. ಅಲ್ಲಿನ ಆಂಡ್ರ್ಯೂಸ್ ಮೆಥಡಿಸ್ಟ್ ಚರ್ಚಿನ ಭಾನುವಾರದ ಶಾಲೆಯಲ್ಲಿ ಆನ್ ವರ್ಷಗಟ್ಟಲೆ ಮಕ್ಕಳಿಗೆ ಪಾಠ ಹೇಳಿದರು. 1876ರಲ್ಲಿ ಒಂದು ದಿನ ಬೈಬಲ್ಲಿನ ತಾಯಂದಿರ ಬಗ್ಗೆ ಪಾಠ ಮುಗಿಸಿ ಪ್ರಾರ್ಥನೆ ಮಾಡಿದರು. ಲೋಕಕ್ಕೆ ತಾಯಿ ಮಾಡುವ ಸೇವೆಯನ್ನು ನೆನೆಯಲು ಯಾರಾದರೂ, ಎಂದಾದರೂ ಒಂದು ದಿನವನ್ನು ಗೊತ್ತುಮಾಡಲಿ ಎಂಬುದೇ ಆ ಪ್ರಾರ್ಥನೆ. ಮಕ್ಕಳ ನಡುವೆ ಕೂತು ಕೇಳಿಸಿಕೊಂಡವಳು 12 ವರ್ಷದ ಮಗಳು ಆನಾ.

ಆನಾ ಓದಿ ಫಿಲಡೆಲ್ಫಿಯ ನಗರದಲ್ಲಿ ವಿಮಾ ಕಂಪನಿಯ ಕೆಲಸಕ್ಕೆ ಸೇರಿದಳು. ತಾಯಿ ಊರಲ್ಲಿ, ಮಗಳು ಪಟ್ಟಣದಲ್ಲಿ. ನಡುವೆ ಕಾಗದಗಳ ಓಡಾಟ. ಈಗಲೂ ಎಷ್ಟೋ ಮನೆಗಳ ಕಥೆ ಇದೇ ತಾನೆ? 1902ರಲ್ಲಿ ತಂದೆ ತೀರಿಕೊಂಡ ಮೇಲೆ ತಾಯಿ ಪಟ್ಟಣದ ಮಕ್ಕಳ ಮನೆಗೆ ಬಂದರು. 1904ರಿಂದ ಹೃದಯದ ಕಾಯಿಲೆ ಜೋರಾಯಿತು. ಊರೆಲ್ಲಾ ರೋಗಿಗಳ ಹಾಸಿಗೆ ಪಕ್ಕ ನಿಂತ ಹೆಂಗಸು ಈಗ ತಾನೇ ಹಾಸಿಗೆ ಹಿಡಿದಿದ್ದರು. ಮಗಳ ದಿನವೆಲ್ಲ ತಾಯಿಯ ಆರೈಕೆಗೇ ಸರಿಹೋಯಿತು. 1905ರ ಮೇ 9ರಂದು ಆ ಮಹಾತಾಯಿ ದೇವರ ಪಾದ ಸೇರಿದರು. ಆಗ ವಯಸ್ಸು 72.

ಬಾಲ್ಯದಲ್ಲಿ ಕೇಳಿದ ಪ್ರಾರ್ಥನೆಯನ್ನು ತಾನೇ ನೆರವೇರಿಸುತ್ತೇನೆ ಎಂದು ಆನಾ ತಾಯಿಯ ಸಮಾಧಿಯ ಬಳಿ ಶಪಥ ಮಾಡಿದಳು.

ಐನೂರು ಬಿಳಿ ಹೂವು

1908ರ ಮೇ 10, ಭಾನುವಾರ. ತಾಯಿ ಪಾಠ ಹೇಳಿದ ಅದೇ ಗ್ರಾಫ್ಟನ್ ಚರ್ಚಿನಲ್ಲಿ ಮೊದಲ ಮದರ್ಸ್ ಡೇ ಪ್ರಾರ್ಥನೆ ನಡೆಯಿತು. ಆನಾ 500 ಬಿಳಿ ಕಾರ್ನೇಷನ್ ಹೂಗಳನ್ನು ಕಳಿಸಿಕೊಟ್ಟಳು. ತಾಯಿಗೆ ಬಲು ಇಷ್ಟವಾದ ಹೂವದು. ಆಮೇಲೆ ಆಕೆ ಬರೆದ ಪತ್ರಗಳಿಗೆ ಲೆಕ್ಕವಿಲ್ಲ. ಮಂತ್ರಿಗಳು, ಪಾದ್ರಿಗಳು, ಪತ್ರಿಕೆಯವರು ಯಾರನ್ನೂ ಬಿಡಲಿಲ್ಲ. ಕೊನೆಗೆ 1914ರ ಮೇ 9ರಂದು, ಸರಿಯಾಗಿ ತಾಯಿ ತೀರಿಕೊಂಡ ತಾರೀಖಿನಂದೇ, ಅಧ್ಯಕ್ಷ ವುಡ್ರೋ ವಿಲ್ಸನ್ ಮೇ ತಿಂಗಳ ಎರಡನೇ ಭಾನುವಾರವನ್ನು ಮದರ್ಸ್ ಡೇ ಎಂದು ಸಾರಿದರು.

ಆನಾ ಒಂದು ಹಟ ಹಿಡಿದಿದ್ದಳು. ಇದು 'ತಾಯಂದಿರ' ದಿನವಲ್ಲ, 'ತಾಯಿಯ' ದಿನ. ಪ್ರತಿಯೊಬ್ಬನೂ ತನ್ನ ಮನೆಯ ಒಬ್ಬಳೇ ತಾಯಿಯನ್ನು ನೆನೆಯಲಿ ಎಂಬುದು ಆಕೆಯ ವಾದ. ಇಂಗ್ಲಿಷಿನಲ್ಲಿ ಆ ಏಕವಚನ ಇವತ್ತಿಗೂ ಉಳಿದಿದೆ. ನಮ್ಮಲ್ಲಿ ಅದು 'ಅಮ್ಮಂದಿರ ದಿನ' ಆಗಿಬಿಟ್ಟಿದೆ!

ಗೆದ್ದವಳೇ ಸೋತಳು

ಮಗಳು ಗೆದ್ದಳು ಅನ್ನುವಷ್ಟರಲ್ಲಿ ಮಾರುಕಟ್ಟೆ ಎದ್ದು ಕೂತಿತು. ಮೇ ಬಂದರೆ ಕಾರ್ನೇಷನ್ ಬೆಲೆ ಗಗನಕ್ಕೆ. ಅಚ್ಚಾದ ಕಾರ್ಡು, ಮಿಠಾಯಿ ಡಬ್ಬ. ತಾಯಿ ಇದ್ದವರಿಗೆ ಕೆಂಪು ಹೂವು, ಇಲ್ಲದವರಿಗೆ ಬಿಳಿ ಹೂವು ಎಂದು ಹೂವಿನವರು ಹೊಸ ಶಾಸ್ತ್ರ ಹೊರಡಿಸಿದರು. ಆನಾ ಕೆರಳಿದಳು. ಕೈಯಾರೆ ನಾಲ್ಕು ಸಾಲು ಬರೆಯಲಾರದ ಸೋಮಾರಿಗೇ ಅಚ್ಚಿನ ಕಾರ್ಡು ಬೇಕು ಎಂಬುದು ಆಕೆಯ ವಾದ. ಒಂದು ಹೋಟೆಲಿನ ಪಟ್ಟಿಯಲ್ಲಿ 'ಮದರ್ಸ್ ಡೇ ಸಲಾಡ್' ಕಂಡು, ತರಿಸಿಕೊಂಡು, ಎದ್ದು ನಿಂತು ನೆಲಕ್ಕೆ ಸುರಿದು, ದುಡ್ಡು ಇಟ್ಟು ಹೊರಟುಹೋದಳು ಎಂಬ ಕಥೆಯೂ ಇದೆ. 1925ರಲ್ಲಿ ಕಾರ್ನೇಷನ್ ಮಾರಿ ಚಂದಾ ಎತ್ತುತ್ತಿದ್ದವರ ಸಮ್ಮೇಳನಕ್ಕೆ ನುಗ್ಗಿ, ಶಾಂತಿಭಂಗದ ಆರೋಪದ ಮೇಲೆ ಪೊಲೀಸರ ಕೈಗೂ ಸಿಕ್ಕಳು.

ಕೈಯಲ್ಲಿದ್ದ ಹಣವೆಲ್ಲ ಈ ಹೋರಾಟಕ್ಕೇ ಕರಗಿತು. ಮದುವೆಯಾಗಲಿಲ್ಲ, ಮಕ್ಕಳಿಲ್ಲ. ಲೋಕಕ್ಕೆಲ್ಲ ತಾಯಿಯ ದಿನ ಕೊಟ್ಟವಳನ್ನು 'ಅಮ್ಮಾ' ಎನ್ನಲು ಯಾರೂ ಇರಲಿಲ್ಲ. 1948ರ ನವೆಂಬರ್ 24ರಂದು, 84ನೇ ವಯಸ್ಸಿನಲ್ಲಿ ಒಂದು ಆರೋಗ್ಯಧಾಮದಲ್ಲಿ ತೀರಿಕೊಂಡಳು. ತಾಯಿಯ ಪಕ್ಕದಲ್ಲೇ ಮಣ್ಣು ಮಾಡಿದರು.

ಮತ್ತೆ ಬಸ್ ಸ್ಟ್ಯಾಂಡಿಗೆ

ಹಾಗಾದರೆ ಕೇಕು ಮಾರುವುದು ತಪ್ಪೇ? ಖಂಡಿತಾ ಅಲ್ಲ. ಅಂಗಡಿ ಇಟ್ಟವರಿಗೂ ಸಂಸಾರವಿದೆ. ಆನ್ ಜಾರ್ವಿಸ್ ಕೂಡ ವ್ಯಾಪಾರದ ಮನೆಯಲ್ಲೇ ಬಾಳಿದವರು. ಆದರೆ ಆ ತಾಯಿ ಬೇಡಿದ್ದು ಸೇವೆಯ ನೆನಪನ್ನು, ಮಗಳು ಬೇಡಿದ್ದು ತಾಯಿಗಾಗಿ ಒಂದಿಷ್ಟು ಹೊತ್ತನ್ನು. ಇವೆರಡೂ ಗಾಜಿನ ಕಪಾಟಿನಲ್ಲಿ ಸಿಗುವುದಿಲ್ಲ.

ಯಜಮಾನರ ಪ್ರಶ್ನೆಯೂ ನ್ಯಾಯವಾದದ್ದೇ. ಎಷ್ಟೋ ಮನೆಗಳಲ್ಲಿ ತಾಯಿ ಇವತ್ತೂ ಹಾಸಿಗೆ ಹಿಡಿದಿದ್ದಾಳೆ. ಚರ್ಚಿಗೆ ಹೋಗುವ ಮನೆಯಿರಲಿ, ಗುಡಿಗೆ ಹೋಗುವ ಮನೆಯಿರಲಿ, ದರ್ಗಾಕ್ಕೆ ಹೋಗುವ ಮನೆಯಿರಲಿ, ಬಾಗಿಲ ಸದ್ದಾದರೆ ಅವಳು ತಲೆಯೆತ್ತಿ ನೋಡುವ ರೀತಿ ಒಂದೇ. ಕೇಕು ಕೊಂಡವರು ಕೊಳ್ಳಲಿ. ಅದನ್ನು ಕೈಯಲ್ಲಿ ಹಿಡಿದು ಊರಿನ ಬಸ್ಸು ಹತ್ತಿ, ಅವಳ ಪಕ್ಕ ಒಂದು ಗಳಿಗೆ ಕೂತು "ಹೇಗಿದ್ದೀಯಮ್ಮಾ?" ಅಂದರೆ ಸಾಕು.

ಭಾನುವಾರವೇ ಆಗಬೇಕೆಂದಿಲ್ಲ. ಊರಿಗೆ ಬಸ್ಸು ದಿನವೂ ಇದೆ.